ಅಪ್ಪನ ಇಪ್ಪತ್ತಾರು ಸರಿ ಉತ್ತರಗಳು

ಜುಲೈ ೩

ಗುಂಡಿ,

ನಿನ್ನ ಲಕೋಟೆ ಶನಿವಾರ ಕೈಸೇರಿತು. ಮೇಲೆ ಅಪ್ಪನ ಹೆಸರು, ಒಳಗೆ ಅಪ್ಪನಿಗೆ ನಾಲ್ಕು ಹಾಳೆ. ಕೊನೆಯ ಹಾಳೆಯ ಅಡಿಯಲ್ಲಿ, ಜಾಗ ಮಿಕ್ಕಿತ್ತೇನೋ, 'ಅಕ್ಕನಿಗೆ ನೆನಪುಗಳು' ಎಂದು ಎರಡೇ ಪದ. ಎರಡನ್ನೂ ಎರಡೆರಡು ಸಲ ಓದಿಕೊಂಡೆ, ನಾಲ್ಕಾಯಿತು, ಹೊಟ್ಟೆ ತುಂಬಿತು.

ಅಪ್ಪ ಇಂಗ್ಲಿಷ್ ಕಲಿಯುತ್ತೇನೆ ಎಂದದ್ದನ್ನು ನಾನು ತಮಾಷೆ ಎಂದುಕೊಂಡಿದ್ದೆ. ವಯಸ್ಸು ಅರವತ್ತೊಂಬತ್ತು. ಕಣ್ಣಿನ ನಟ್ಟನಡುವೆ ಮಬ್ಬು; ಬಣ್ಣ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ನಕಾಶೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಮೂವತ್ತನಾಲ್ಕು ವರ್ಷ ಬಣ್ಣ ಕಲಸಿದವರಿಗೆ ಒಳಗೊಳಗೇ ಇಂಥದೊಂದು ಆಸೆ ಇತ್ತೆಂದು ವರ್ಷಕ್ಕೆ ಎರಡು ಸಲ ಬಂದು ಹೋಗುವ ನಿನಗೆ ಹೊಳೆಯಿತು, ಜೊತೆಯಲ್ಲೇ ಇರುವ ನನಗೆ ಹೊಳೆಯಲಿಲ್ಲ. "ಲಂಡನ್ನನ್ನ ಎಷ್ಟು ಸಾವಿರ ಸಲ ಅಚ್ಚು ಹಾಕಿದೀನೋ, ಅದರ ಹೆಸರು ಓದೋಕೆ ಬರ್ತಿರ್ಲಿಲ್ಲ ಕಣಮ್ಮಾ. ಬಿದ್ದಿರೋ ದಾರದ ಹಾಗೆ ನದಿ ಕಂಡ್ರೆ ಲಂಡನ್, ಮೀನಿನ ಹಾಗೆ ಕಂಡ್ರೆ ವೆನಿಸ್. ಅಷ್ಟೇ ನನ್ನ ವಿದ್ಯೆ" ಅಂದರು. ಇಷ್ಟು ವರ್ಷದಲ್ಲಿ ಒಂದು ದಿನವೂ ಇದನ್ನು ನನಗೆ ಹೇಳಿರಲಿಲ್ಲ.

ನೀನು ಬರೆದ ಹಾಗೆಯೇ ಮಾಡಿದ್ದೇನೆ. ಮೊದಲು ಇಂಗ್ಲಿಷ್ ಸಾಲು ಓದುತ್ತೇನೆ, ಆಮೇಲೆ ನೀನು ಕೊಟ್ಟ ಅರ್ಥ ಓದುತ್ತೇನೆ, ಅವರು ಮೂರು ಸಲ ಹೇಳಿಕೊಳ್ಳುತ್ತಾರೆ. ಕೊನೆಯಲ್ಲಿರುವ ಹತ್ತು ಪ್ರಶ್ನೆಗಳಿಗೆ ಅವರು 'ಸರಿ' ಅಥವಾ 'ತಪ್ಪು' ಎನ್ನುತ್ತಾರೆ, ನಾನು ಬರೆಯುತ್ತೇನೆ. ಕೈಯಲ್ಲಿ ಒಂದು ಶಾಲೆಯ ಅರವತ್ತು ಸಮವಸ್ತ್ರ ಇದೆ, ಆದರೂ ಕತ್ತರಿ ಕೆಳಗಿಟ್ಟು ಪೆನ್ನು ಹಿಡಿದೆ. ಅಮ್ಮನ ಡಬ್ಬಿಯಿಂದ ಕೋಟಿನ ಗುಂಡಿ ಕದ್ದು ನುಂಗಿ ಮನೆಯವರನ್ನೆಲ್ಲ ಆಸ್ಪತ್ರೆಗೆ ಓಡಿಸಿದ್ದ ಹುಡುಗಿ ಈಗ ದೊಡ್ಡವರ ಸಂಜೆ ಶಾಲೆಯಲ್ಲಿ ಮೇಡಂ. ಅವಳ ಮಾತು ಮೀರಲಾದೀತೇ?

ರೋಮಿನ ಕತೆ ಅಪ್ಪನಿಗೆ ಬಹಳ ಹಿಡಿಸಿತು. ಅವಳಿ ಅಣ್ಣತಮ್ಮಂದಿರು, ಅವರನ್ನು ಸಾಕಿದ ತೋಳ, ಏಳು ಗುಡ್ಡ. ಒಬ್ಬ ಗೋಡೆ ಕಟ್ಟಿದ, ಇನ್ನೊಬ್ಬ ನಕ್ಕು ಅದನ್ನು ಹಾರಿದ, ಕಟ್ಟಿದವನು ಹಾರಿದವನನ್ನು ಕೊಂದ. ಅಪ್ಪ "ಛೆ" ಅಂದರು. ಗೋಡೆ ಕಟ್ಟಿದವನಿಗೆ ಎಷ್ಟು ಬೆನ್ನುನೋವಿತ್ತೋ ಯಾರಿಗೆ ಗೊತ್ತು.

ಉತ್ತರದ ಹಾಳೆ ಇದರೊಂದಿಗಿದೆ.

ನಿನ್ನ ಅಕ್ಕ


ಜುಲೈ ೨೧

ಪ್ರೀತಿಯ ಅಕ್ಕ,

ಹತ್ತಕ್ಕೆ ಎಂಟು! ನನ್ನ ತರಗತಿಯಲ್ಲಿ ಮೊದಲ ಪಾಠಕ್ಕೆ ಯಾರೂ ಎಂಟು ತೆಗೆದಿಲ್ಲ. ಅಪ್ಪನಿಗೆ ನನ್ನ ಪರವಾಗಿ ಒಂದು ಚಪ್ಪಾಳೆ ತಟ್ಟು.

ಒಂದು ವಿಷಯ. ಜನವರಿಯಿಂದ ನಮ್ಮ ಶಾಲೆಯಲ್ಲಿ ಹಿರಿಯರಿಗಾಗಿ ಹಗಲು ತರಗತಿ ಶುರುವಾಗುತ್ತದೆ. ಕಣ್ಣು ಕಾಣದವರಿಗೆ ಓದಿ ಹೇಳಲು ಒಬ್ಬರಿರುತ್ತಾರೆ, ದಪ್ಪ ಅಕ್ಷರ ಬರೆಯುವುದನ್ನೂ ಕಲಿಸುತ್ತಾರೆ. ಸೇರಬೇಕಾದರೆ ಅಂಚೆಯ ಐದು ಪಾಠ ಮುಗಿಸಿರಬೇಕು: ರೋಮ್, ಲಂಡನ್, ವೆನಿಸ್, ಇಸ್ತಾಂಬುಲ್, ಪ್ಯಾರಿಸ್. ಐವತ್ತು ಪ್ರಶ್ನೆಗಳಲ್ಲಿ ಮೂವತ್ತು ಸರಿಯಾಗಬೇಕು. ಪ್ರಿನ್ಸಿಪಾಲರು ಈ ವಿಷಯದಲ್ಲಿ ಸ್ವಲ್ಪವೂ ಸಡಿಲ ಬಿಡುವವರಲ್ಲ. ಅಪ್ಪ ತೇರ್ಗಡೆಯಾದರೆ ನನ್ನ ಮನೆಯಲ್ಲೇ ಇದ್ದು ಕಲಿಯಬಹುದು. ಶಾಲೆ ಎದುರಿನ ಬೀದಿಯಲ್ಲೇ ಇದೆ. ತರಗತಿ ಒಂದು ವರ್ಷದ್ದು. ಅವರಿಗೆ ಹಿಡಿಸಿದರೆ ಆಮೇಲೂ ಇಲ್ಲೇ ಇರಲಿ.

ಇಷ್ಟು ವರ್ಷ ನೀನೊಬ್ಬಳೇ ನೋಡಿಕೊಂಡೆ. ನಿನಗೂ ಸ್ವಲ್ಪ ಬಿಡುವು ಸಿಗಲಿ. ಲಂಡನ್ ಪಾಠ ಇಟ್ಟಿದ್ದೇನೆ. ಇದರಲ್ಲಿ ಭೂತಕಾಲ ಬರುತ್ತದೆ, ನಿಧಾನವಾಗಿ ಓದು.

ನಿನ್ನ
ಗುಂಡಿ


ಆಗಸ್ಟ್ ೫

ಗುಂಡಿ,

ನಿನ್ನ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಜನವರಿಯ ವಿಷಯವನ್ನು ಬೇಗ ಬೇಗ ಓದಿ ದಾಟಿಸಿದೆ. ಅವರು "ಇನ್ನೊಂದ್ಸಲ ಓದು" ಅಂದರು. ಓದಿದೆ. ಈಗ ಇಡೀ ಬೀದಿಗೆ ಗೊತ್ತು. ಬೀಗ ರಿಪೇರಿಯವನಿಗೆ ಗೊತ್ತು, ಎದುರುಮನೆ ನರ್ಸಿಗೆ ಗೊತ್ತು, ಅಳತೆ ಕೊಡಲು ಬಂದವರಿಗೆಲ್ಲ ಗೊತ್ತು. "ನನ್ನ ಚಿಕ್ಕ ಮಗಳು ಮೇಡಂ. ನನ್ನನ್ನ ಶಾಲೆಗೆ ಸೇರಿಸ್ತಾಳಂತೆ" ಎಂದು ಬಾಯಿ ತುಂಬ ಹೇಳುತ್ತಾರೆ. ಪಕ್ಕದಲ್ಲಿ ಟೇಪು ಹಿಡಿದು ನಿಂತವಳು ಯಾರ ಮಗಳೋ.

ಲಂಡನ್ ಮುಗಿಯಿತು. ಒಂದು ಬೇಕರಿಯಲ್ಲಿ ಹೊತ್ತಿಕೊಂಡ ಬೆಂಕಿ ಊರನ್ನೇ ಸುಟ್ಟಿತು ಎಂಬುದನ್ನು ಅಪ್ಪ ನಂಬಲೇ ಇಲ್ಲ. ಆರನೇ ಪ್ರಶ್ನೆ, 'ಬೆಂಕಿ ಅರಮನೆಯಲ್ಲಿ ಹೊತ್ತಿತು', ಓದಿದ ತಕ್ಷಣ "ತಪ್ಪು ತಪ್ಪು, ಬೇಕರಿ!" ಎಂದು ಸ್ಟೂಲಿನಿಂದ ಎದ್ದೇಬಿಟ್ಟರು. ಅವರ ಆ ಸ್ಟೂಲು ನಿನಗೆ ನೆನಪಿರಬೇಕಲ್ಲ, ನನ್ನ ಕತ್ತರಿಸುವ ಮೇಜಿನ ಎಡಕ್ಕಿರುವುದು. ಪ್ರೆಸ್ಸು ಬಿಟ್ಟ ದಿನದಿಂದ ಅಲ್ಲೇ ಕೂರುತ್ತಾರೆ. ನಾನು ಏನು ಹೊಲಿದರೂ ಮುಗಿದ ಮೇಲೆ ಅವರ ಕೈಗೆ ಕೊಡುತ್ತೇನೆ. ಬೆರಳಿನಿಂದ ಹೊಲಿಗೆಯನ್ನು ಉದ್ದಕ್ಕೂ ಸವರಿ "ಹೂಂ" ಎನ್ನುತ್ತಾರೆ. ಆ 'ಹೂಂ' ಬಾರದೆ ಒಂದು ಬಟ್ಟೆಯೂ ಅಂಗಡಿ ದಾಟಿಲ್ಲ.

ಮೊನ್ನೆ ಒಂದು ಕರಿ ಕೋಟು ಮುಗಿಸಿದೆ. ಒಳಗೆ ಅಸ್ತರು, ನಾಲ್ಕು ಜೇಬು, ಹನ್ನೊಂದು ದಿನದ ಕೆಲಸ. ಅಪ್ಪನ ತೊಡೆಯ ಮೇಲಿಟ್ಟೆ. ಅದರ ಮೇಲೆ ಕೈ ಇಟ್ಟುಕೊಂಡು, ಬೀದಿಯ ಕಡೆ ಮುಖ ಮಾಡಿ, "ಅಂಚೆಯವನು ಬಂದನಾ?" ಅಂದರು. ಕೋಟನ್ನು ತೆಗೆದುಕೊಂಡು ಇಸ್ತ್ರಿ ಹಾಕಿ ಹಾಗೆಯೇ ಕೊಟ್ಟುಬಿಟ್ಟೆ.

ನನಗೆ ಬಿಡುವು ಸಿಗಲಿ ಎಂದು ಬರೆದಿದ್ದೀಯ. ನಾನು ಬಿಡುವು ಕೇಳಿದ್ದೆನೇ?

ಅಕ್ಕ


ಆಗಸ್ಟ್ ೨೪

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ಲಂಡನ್ ಹತ್ತಕ್ಕೆ ಒಂಬತ್ತು! ನಿಮ್ಮ ಹಾಳೆಯನ್ನು ತರಗತಿಯ ಗೋಡೆಗೆ ಅಂಟಿಸಿದ್ದೇನೆ. ನನ್ನ ವಿದ್ಯಾರ್ಥಿಗಳಲ್ಲಿ ಎಲ್ಲರಿಗಿಂತ ಜಾಣರು ನೀವೇ. ನಿಮಗಾಗಿ ಕಿಟಕಿಯ ಹತ್ತಿರ ಕೈಯಿರುವ ಕುರ್ಚಿ ಹಾಕಿಸಿದ್ದೇನೆ, ಬೆನ್ನಿಗೆ ದಿಂಬೂ ಇದೆ. ಅಲ್ಲಿಯ ಹಾಗೆ ಸ್ಟೂಲಿನ ಮೇಲೆ ಕೂತು ಬೆನ್ನು ನೋಯಿಸಿಕೊಳ್ಳಬೇಕಾಗಿಲ್ಲ. ಎಂಟು, ಒಂಬತ್ತು ಸೇರಿ ಹದಿನೇಳು. ಇನ್ನು ಹದಿಮೂರು ಸಾಕು.

ವೆನಿಸ್ ಪಾಠ ಇದರೊಂದಿಗಿದೆ. ನಿಮ್ಮ ಮೀನಿನ ಊರು! ಇದರಲ್ಲಿ ಕರ್ಮಣಿ ವಾಕ್ಯ ಬರುತ್ತದೆ. 'ಅವರು ಕಟ್ಟಿದರು' ಎನ್ನುವ ಬದಲು 'ಕಟ್ಟಲಾಯಿತು' ಎನ್ನುವುದು. ಮಾಡಿದ್ದು ಯಾರೆಂದು ಹೇಳದೆಯೇ ಮಾತು ಮುಗಿಸಬಹುದು.

ನಿಮ್ಮ
ಗುಂಡಿ

ಅಕ್ಕನಿಗೆ: ಓದಿ ಹೇಳುತ್ತಿರುವುದಕ್ಕೆ ಥ್ಯಾಂಕ್ಸ್.


ಸೆಪ್ಟೆಂಬರ್ ೧೦
(ಅಂಚೆಗೆ ಹಾಕಿಲ್ಲ. ಮಿಷನ್ನಿನ ಡ್ರಾಯರಿನಲ್ಲಿ.)

ಗುಂಡಿ,

ಥ್ಯಾಂಕ್ಸ್ ಅಂತೆ. ಅಂಗಡಿಯಲ್ಲಿ ಚಿಲ್ಲರೆ ವಾಪಸ್ ಕೊಟ್ಟವರಿಗೆ ಹೇಳುವ ಹಾಗೆ.

ಈ ಪತ್ರವನ್ನು ನಿನಗೆ ಕಳಿಸುವುದಿಲ್ಲ, ಹಾಗಾಗಿ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಇವತ್ತಿನದಲ್ಲ. ಅಮ್ಮ ಹೋದಾಗ ನಿನಗೆ ಎಂಟು, ನನಗೆ ಹದಿನಾರು. 'ಒಂದು ವರ್ಷದ ಮಟ್ಟಿಗೆ' ಎಂದು ಶಾಲೆ ಬಿಡಿಸಿ ನನ್ನನ್ನು ಅಮ್ಮನ ಮಿಷನ್ನಿನ ಮುಂದೆ ಕೂರಿಸಿದರು. ಇಂಗ್ಲಿಷಿನಲ್ಲಿ ತರಗತಿಗೆ ಮೊದಲನೆಯವಳು ನಾನು. ನಿನಗದು ಗೊತ್ತೇ ಇಲ್ಲ, ಯಾರೂ ಹೇಳಿರಲಿಕ್ಕಿಲ್ಲ. ನಿನ್ನ ಪುಸ್ತಕಗಳಿಗೆ ರಟ್ಟು ಹಾಕುವಾಗ ನಾನು ಒಂದೊಂದು ಪುಟ ಓದಿಕೊಂಡು ಹಾಕುತ್ತಿದ್ದೆ. ನೀನು ಮುಂದಿನ ತರಗತಿಗೆ ಹೋದಹಾಗೆಲ್ಲ ನನಗೆ ಅರ್ಥವಾಗುವ ಪುಟ ಕಡಿಮೆಯಾಗುತ್ತಾ ಬಂತು.

ಹೋಗಲಿ, ನಿನಗೆ ಓದು ಸಿಕ್ಕಿತು, ನನಗೆ ಅಪ್ಪ ಸಿಕ್ಕಿದರು ಎಂದು ಸಮಾಧಾನ ಮಾಡಿಕೊಂಡಿದ್ದೆ. ಈಗ ಅವರನ್ನೂ ಕರೆಯುತ್ತಿದ್ದೀಯ. ದಿಂಬು ಹಾಕಿದ ಕುರ್ಚಿಗೆ!

ವೆನಿಸ್ ಪಾಠ ನಿನ್ನೆ ಮುಗಿಯಿತು. ಕೆಸರಿನಲ್ಲಿ ಲಕ್ಷಗಟ್ಟಲೆ ಮರದ ಕಂಬ ಹೊಡೆದು ಅದರ ಮೇಲೆ ಊರು ಕಟ್ಟಿದರು ಎಂದು ಓದಿದೆ. "ಕೊಳೆಯಲ್ವಾ?" ಅಂದರು. "ಗಾಳಿ ತಾಗಲ್ಲ, ಅದಕ್ಕೆ ಕೊಳೆಯಲ್ಲ ಅಂತ ಬರೆದಿದಾಳೆ" ಅಂದೆ. ಅಪ್ಪ ಬಹಳ ಹೊತ್ತು ತಲೆಯಾಡಿಸಿದರು. ಆಮೇಲೆ ಹತ್ತು ಉತ್ತರ ಹೇಳಿದರು. ಅವರು 'ಸರಿ' ಎಂದು ಸರಿಯಾಗಿ ಹೇಳಿದಲ್ಲಿ ನಾನು 'ತಪ್ಪು' ಎಂದು ಬರೆದೆ. 'ತಪ್ಪು' ಎಂದಲ್ಲಿ 'ಸರಿ' ಎಂದು ಬರೆದೆ. ಒಂದನ್ನು ಅವರೇ ತಪ್ಪು ಹೇಳಿದ್ದರು, ಅದನ್ನು ಹಾಗೆಯೇ ಬಿಟ್ಟೆ. ಅವರು ನನ್ನ ಪಕ್ಕದಲ್ಲೇ ಕೂತಿದ್ದರು, ಪೆನ್ನಿನ ಸದ್ದಿಗೆ ಕಿವಿ ಕೊಟ್ಟು, ನಗುನಗುತ್ತಾ. ಕೈ ನಡುಗಲಿಲ್ಲ ನನಗೆ. ಅದೇ ಆಶ್ಚರ್ಯ.

ಉತ್ತರಗಳನ್ನು ಬದಲಾಯಿಸಲಾಯಿತು ಎಂದು ನಿನ್ನ ವೆನಿಸಿನ ವ್ಯಾಕರಣದಲ್ಲಿ ಬರೆಯಬಹುದು. ನಾನು ಬದಲಾಯಿಸಿದೆ. ಇನ್ನೆರಡು ಪಾಠಕ್ಕೂ ಹಾಗೆಯೇ ಮಾಡುತ್ತೇನೆ. ಮೂವತ್ತು ಆಗಬಾರದು, ಅವರು ಹೋಗಬಾರದು, ಅಷ್ಟೇ.

ಅಕ್ಕ


ಅಕ್ಟೋಬರ್ ೩೦

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ಈ ಪತ್ರ ಬರೆಯಲು ಎರಡು ದಿನ ಹಿಂದೆಮುಂದೆ ನೋಡಿದೆ. ವೆನಿಸ್ ಕೈಕೊಟ್ಟಾಗ ಒಂದು ಪಾಠ ಜಾರಿದರೆ ಏನಾಯಿತು ಎಂದುಕೊಂಡೆ. ಆಮೇಲೆ ಇಸ್ತಾಂಬುಲ್ ಹಾಗೆಯೇ ಆಯಿತು. ಈಗ ಪ್ಯಾರಿಸ್ಸೂ. ಮೂರರಲ್ಲೂ ಸೊನ್ನೆ. ಒಟ್ಟು ಹದಿನೇಳೇ ಉಳಿಯಿತು. ಜನವರಿ ತರಗತಿಗೆ ಆಗುವುದಿಲ್ಲ ಅಪ್ಪ.

ನೀವು ಬೇಜಾರು ಮಾಡಿಕೊಳ್ಳಬೇಡಿ. ನಾನೇ ಅವಸರ ಮಾಡಿದೆನೇನೋ. ರೋಮಿನಿಂದ ಮತ್ತೆ ಶುರುಮಾಡೋಣ. ಆರೋಗ್ಯ ಹೇಗಿದೆ? ತಲೆನೋವು, ಮರೆವು ಏನಾದರೂ ಇದ್ದರೆ ಅಕ್ಕನಿಗೆ ಹೇಳಿ.

ನಿಮ್ಮ
ಗುಂಡಿ


ನವೆಂಬರ್ ೧೨

ಗುಂಡಿ,

ನಿನ್ನ ಪತ್ರ ಓದಿ ಹೇಳಿದೆ. ಮರೆವಿನ ಸಾಲನ್ನು ಬಿಡಬೇಕೆಂದುಕೊಂಡರೂ ಬಾಯಿ ತಪ್ಪಿ ಅದನ್ನೂ ಓದಿಬಿಟ್ಟೆ.

ಪ್ರೆಸ್ಸಿನಿಂದ ತಂದಿದ್ದ ಭೂತಗನ್ನಡಿ ಇತ್ತಲ್ಲ, ಪಾಠ ಶುರುವಾದಾಗಿನಿಂದ ಅದು ಅಪ್ಪನ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಏನೂ ಕಾಣದಿದ್ದರೂ ಹಾಳೆಯ ಮೇಲೆ ಹಿಡಿಯುತ್ತಿದ್ದರು. ಅದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನೊಳಗೆ ಇಟ್ಟರು. ಬೀಗ ರಿಪೇರಿಯವನು "ಏನ್ ಸಾರ್, ಇಂಗ್ಲಿಷ್ ಎಲ್ಲಿಗೆ ಬಂತು?" ಎಂದು ಕೇಳಿದ್ದಕ್ಕೆ, "ಆಗಲ್ಲಪ್ಪ. ತಲೆಯಲ್ಲಿ ಏನೂ ನಿಲ್ತಿಲ್ಲ. ಮುದುಕ ಆದೆ" ಅಂದರು. ಆ ಮಾತನ್ನು ಅವರು ಮೊದಲ ಸಲ ಹೇಳಿದ್ದು. ಈಗ ದಿನವೂ ಹೇಳುತ್ತಾರೆ. ಚಹಾಕ್ಕೆ ಸಕ್ಕರೆ ಹಾಕಿದೆನಾ ಇಲ್ಲವಾ ಎಂದು ನನ್ನನ್ನು ಕೇಳುತ್ತಾರೆ, ತಮ್ಮ ನೆನಪಿನ ಮೇಲೆ ನಂಬಿಕೆ ಇಲ್ಲ.

ನೀನು ಇಷ್ಟು ಕಟುವಾಗಿ ಬರೆಯಬಾರದಿತ್ತು. ಸೊನ್ನೆ ಎಂದು ಹೇಳಲೇಬೇಕಿತ್ತೇ? ಮೇಡಂ ಆದವರಿಗೆ ಇಷ್ಟಾದರೂ ತಿಳಿಯಬೇಡವೇ?

ಅಕ್ಕ


ನವೆಂಬರ್ ೨೩

ಅಕ್ಕ,

ನಾನು ಹೆದರಿದ್ದೆ. ಅಪ್ಪನ ತಲೆಗೆ ಏನೋ ಆಗಿದೆ ಎಂದು ಪಾಠ ಮಾಡುವಾಗಲೂ ಅದೇ ಯೋಚನೆ. ಕೊನೆಗೆ ಆ ಮೂರು ಹಾಳೆಗಳನ್ನು ನಮ್ಮ ಗಣಿತದ ಮೇಷ್ಟ್ರಿಗೆ ತೋರಿಸಿದೆ. ಅವರು ನೋಡಿ ನಕ್ಕುಬಿಟ್ಟರು. "ಮೇಡಂ, ಏನೂ ಗೊತ್ತಿಲ್ಲದವರು ಕಣ್ಣು ಮುಚ್ಚಿ ಬರೆದ್ರೂ ಮೂವತ್ತಕ್ಕೆ ಹದಿನೈದು ಸರಿ ಬರುತ್ತೆ. ಮೂವತ್ತಕ್ಕೆ ಮೂವತ್ತೂ ತಪ್ಪು ಬರೀಬೇಕಾದ್ರೆ, ಮೂವತ್ತೂ ಸರಿಯಾಗಿ ಗೊತ್ತಿರಬೇಕು" ಅಂದರು.

ಬರೆದ ಕೈ ನಿನ್ನದು.

ಮೊದಲು ಬಹಳ ಸಿಟ್ಟು ಬಂತು. ನಮ್ಮಪ್ಪ ಮುದುಕನಾದೆ ಎಂದು ಬೀದಿಯಲ್ಲಿ ನಿಂತು ಹೇಳುವ ಹಾಗೆ ಮಾಡಿದ್ದೀಯ. ಅದಕ್ಕೆ ನನ್ನ ಕೈಯಿಂದಲೇ ಪತ್ರ ಬರೆಸಿದ್ದೀಯ. ಆಮೇಲೆ ನನ್ನ ಮೇಲೆಯೇ ರೇಗಿದ್ದೀಯ! ನಿನ್ನ ಹತ್ತಿರ ಜಗಳವಾಡಬೇಕೆಂದು ಬಸ್ ಹತ್ತಲು ಹೊರಟಿದ್ದೆ, ಪರೀಕ್ಷೆಗಳಿದ್ದವು, ಆಗಲಿಲ್ಲ.

ಪ್ರವೇಶಕ್ಕೆ ಡಿಸೆಂಬರ್ ಹದಿನೈದು ಕೊನೆಯ ದಿನ. ಅಪ್ಪನ ಹೆಸರಿಗೆ ಎರಡು ಲಕೋಟೆ ಇಟ್ಟಿದ್ದೇನೆ. ಬಿಳಿಯದರಲ್ಲಿ 'ಮುಂದಿನ ವರ್ಷ ನೋಡೋಣ' ಎಂದಿದೆ. ಹಳದಿಯದರಲ್ಲಿ 'ತಿದ್ದುವಾಗ ನನ್ನಿಂದಲೇ ತಪ್ಪಾಗಿತ್ತು, ನೀವು ಪಾಸಾಗಿದ್ದೀರಿ, ಹೊರಟು ಬನ್ನಿ' ಎಂದಿದೆ. ಎರಡರಲ್ಲೂ ನಿನ್ನ ಹೆಸರಿಲ್ಲ. ಅಪ್ಪನಿಗೆ ಓದುವವಳು ನೀನು. ಒಂದನ್ನು ಓದು, ಇನ್ನೊಂದನ್ನು ಹರಿದುಹಾಕು. ಯಾವುದನ್ನು ಓದಿದೆ ಎಂದು ನಾನು ಜನ್ಮದಲ್ಲಿ ಕೇಳುವುದಿಲ್ಲ.

ನಿನಗೆ ಮೂವತ್ತೂ ಗೊತ್ತಿತ್ತು ಎನ್ನುವುದನ್ನು ಮಾತ್ರ ಮತ್ತೆ ಮತ್ತೆ ಯೋಚಿಸುತ್ತಿದ್ದೇನೆ. ಇಸ್ತಾಂಬುಲಿನ ಎಂಟನೇ ಪ್ರಶ್ನೆಗೆ ನನ್ನ ತರಗತಿಯಲ್ಲಿ ಒಬ್ಬರೂ ಸರಿ ಉತ್ತರ ಬರೆದಿರಲಿಲ್ಲ.

ಗುಂಡಿ


ಡಿಸೆಂಬರ್ ೪

ಗುಂಡಿ,

ಎರಡು ಲಕೋಟೆಯನ್ನೂ ಮೂರು ದಿನ ಮಿಷನ್ನಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ಸುಳ್ಳು ಹೇಳಬಾರದು, ಬಿಳಿಯದನ್ನೇ ಓದಬೇಕೆಂದು ಒಂದು ಬೆಳಿಗ್ಗೆ ಕೈಗೆ ತೆಗೆದುಕೊಂಡೂ ಇದ್ದೆ. ಅಪ್ಪ ಸ್ಟೂಲಿನ ಮೇಲೆ ಕೂತಿದ್ದರು. ಒಬ್ಬರ ಅಂಗಿ ಮುಗಿಸಿ ಅವರ ಕೈಗೆ ಕೊಟ್ಟೆ. ಬೆರಳಿನಿಂದ ಸವರಿದರು. 'ಹೂಂ' ಎನ್ನಲಿಲ್ಲ. "ಚೆನ್ನಾಗಿರಬೇಕು. ನನಗೇನು ಗೊತ್ತಾಗುತ್ತೆ ಈಗ" ಅಂದರು.

ಬೆರಳಿನ ಮೇಲಿನ ನಂಬಿಕೆಯನ್ನೂ ಕಿತ್ತುಕೊಂಡಿದ್ದೆ ನಾನು.

ಹಳದಿಯದನ್ನು ಓದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅದಕ್ಕೂ ಮನಸ್ಸು ಬರಲಿಲ್ಲ. ತಪ್ಪು ಮಾಡಿದವಳು ನಾನು, ಒಪ್ಪಿಕೊಂಡು ದೊಡ್ಡವಳಾಗುವವಳು ನೀನು. ಇದರಲ್ಲೂ ನೀನೇ ಮುಂದೆಯೇ? ಎರಡನ್ನೂ ಹರಿದುಹಾಕಿದೆ. ಅಂಗಡಿಯ ಬಾಗಿಲು ಹಾಕಿ, ಅಪ್ಪನ ಎದುರು ಕೂತು, ಬಾಯಿಂದಲೇ ಹೇಳಿದೆ. "ನೀವು ಹೇಳಿದ್ದನ್ನ ನಾನು ಬರೀಲಿಲ್ಲ. ತಿರುಗಿಸಿ ಬರೆದೆ. ಮೂರು ಪಾಠಾನೂ. ನೀವು ಹೋಗಬಾರದು ಅಂತ."

ಅವರು ಸಿಟ್ಟಾಗಲಿಲ್ಲ, ಅಳಲಿಲ್ಲ. ಕೇಳಿದರು: "ವೆನಿಸ್ ಒಂದನೇದು. ಕಲ್ಲಿನ ಗುಡ್ಡದ ಮೇಲೆ ಕಟ್ಟಿದಾರೆ ಅಂತ. ನಾನು ತಪ್ಪು ಅಂದೆ. ಅದು ಸರಿ ಉತ್ತರಾನಾ?"

"ಸರಿ ಉತ್ತರ" ಅಂದೆ.

"ಎರಡನೇದು?"

ಗುಂಡಿ, ಅವರಿಗೆ ಮೂವತ್ತೂ ನೆನಪಿದ್ದವು. ಪ್ರಶ್ನೆಯೂ ನೆನಪಿತ್ತು, ತಾವು ಕೊಟ್ಟ ಉತ್ತರವೂ ನೆನಪಿತ್ತು. ಒಂದೊಂದನ್ನೇ ಕೇಳಿದರು. ಇಸ್ತಾಂಬುಲಿಗೆ ಹಿಂದೆ ಬೇರೆ ಹೆಸರಿತ್ತೇ, ಪ್ಯಾರಿಸ್ ಶುರುವಾದದ್ದು ನದಿಯ ನಡುಗಡ್ಡೆಯಲ್ಲೇ, ಆ ಕಬ್ಬಿಣದ ಗೋಪುರವನ್ನು ಇಪ್ಪತ್ತು ವರ್ಷಕ್ಕೆ ಕಿತ್ತುಹಾಕುವ ಮಾತಿತ್ತೇ. ನಾನು "ಸರಿ ಉತ್ತರ, ಸರಿ ಉತ್ತರ" ಎನ್ನುತ್ತಾ ಹೋದೆ, ಅವರು ಬೆರಳು ಮಡಚುತ್ತಾ ಹೋದರು. ಹೊರಗೆ ಯಾರೋ ಪ್ಯಾಂಟ್ ತೆಗೆದುಕೊಳ್ಳಲು ಬಂದು ಬಾಗಿಲು ಬಡಿದು ಹೊರಟುಹೋದರು. ಕೊನೆಗೆ ಲೆಕ್ಕ ನಿಂತದ್ದು ಇಪ್ಪತ್ತಾರಕ್ಕೆ.

"ಇಪ್ಪತ್ತಾರು" ಅಂದರು. ಇನ್ನೊಂದು ಸಲ "ಇಪ್ಪತ್ತಾರು" ಅಂದರು. ಆಮೇಲೆ, "ಆ ನಾಲ್ಕು ಯಾಕೆ ತಪ್ಪಾಯ್ತು?" ಎಂದು ಕೇಳಿದರು. ನಾನು ಹೇಳಿಕೊಟ್ಟೆ. ನಾಲ್ಕನ್ನೂ ಹೇಳಿಕೊಟ್ಟೆ. (ಮೂವತ್ತೂ ಗೊತ್ತಿದ್ದದ್ದು ನನಗೆ. ಹೆಮ್ಮೆಪಡುವ ಸಂಗತಿಯಲ್ಲ, ಆದರೂ ನಿನ್ನ ಗಣಿತದ ಮೇಷ್ಟ್ರಿಗೆ ತಿಳಿಸು.)

ಆಮೇಲೆ ಎದ್ದು ಕಪಾಟಿನಿಂದ ಭೂತಗನ್ನಡಿ ತೆಗೆದು ಜೇಬಿಗೆ ಹಾಕಿಕೊಂಡರು. ಅಂದಿನಿಂದ ನನ್ನ ಹತ್ತಿರ ಮಾತಿಲ್ಲ. ಊಟಕ್ಕೆ ಕೂರುತ್ತಾರೆ, ಎದ್ದು ಹೋಗುತ್ತಾರೆ. ಸ್ಟೂಲನ್ನು ಬೀಗ ರಿಪೇರಿಯವನ ಅಂಗಡಿಗೆ ಎತ್ತಿಕೊಂಡು ಹೋಗಿ ಅಲ್ಲಿ ಕೂರುತ್ತಾರೆ. ನಾಲ್ಕು ದಿನ ಆಯಿತು.

ಸೆಪ್ಟೆಂಬರಿನಲ್ಲಿ ಬರೆದು ಕಳಿಸದೇ ಇದ್ದ ಪತ್ರವನ್ನು ಇದರೊಳಗೆ ಇಟ್ಟಿದ್ದೇನೆ. ಪ್ರಿನ್ಸಿಪಾಲರಿಗೆ ಬೇಕಾದರೆ ಅದನ್ನೇ ತೋರಿಸು, ಸಹಿ ನನ್ನದೇ. ಅಪ್ಪನನ್ನು ಹತ್ತನೇ ತಾರೀಕಿನ ಬಸ್ಸಿಗೆ ಹತ್ತಿಸುತ್ತೇನೆ. ಬಂದು ಇಳಿಸಿಕೋ.

ಅಕ್ಕ


ಡಿಸೆಂಬರ್ ೧೦

ಗುಂಡಿ,

ಬಸ್ಸು ಹೊರಟಿತು. ಚೀಲದಲ್ಲಿ ಆರು ಅಂಗಿ, ಕಣ್ಣಿನ ಔಷಧ, ಭೂತಗನ್ನಡಿ. ಹೊಸ ಕಂದು ಕೋಟು ನಾನು ಹೊಲಿದದ್ದು. ಮಾತಿಲ್ಲದ ದಿನಗಳಲ್ಲಿ ಹೊಲಿದೆ, ಅಳತೆ ಕೇಳಲಿಲ್ಲ, ನನ್ನ ಕೈಗೆ ಗೊತ್ತು. ಬಸ್ ನಿಲ್ದಾಣದಲ್ಲಿ ತೊಡಿಸಿದೆ. ಕಂಡಕ್ಟರ್ ಸೀಟಿ ಊದುವವರೆಗೂ ಕಲ್ಲಿನ ಹಾಗೆ ನಿಂತಿದ್ದರು. ಮೆಟ್ಟಿಲು ಹತ್ತಿ, ಕಂಬಿ ಹಿಡಿದುಕೊಂಡು, ಇನ್ನೊಂದು ಕೈಯ ಬೆರಳಿನಿಂದ ತೋಳಿನ ಹೊಲಿಗೆಯನ್ನು ಹೆಗಲಿನಿಂದ ಮುಂಗೈವರೆಗೆ ಸವರಿದರು.

"ಹೂಂ" ಅಂದರು.

ಅಷ್ಟೇ. ಸಾಕು ನನಗೆ. ಹುಷಾರಾಗಿ ನೋಡಿಕೋ. ರಾತ್ರಿಯೂಟದಲ್ಲಿ ಉಪ್ಪು ಕಡಿಮೆ ಇರಲಿ.

ಅಕ್ಕ


ಫೆಬ್ರವರಿ ೮

ಪ್ರೀತಿಯ ಅಕ್ಕ,

ಈ ಪತ್ರದಲ್ಲಿ ಬರೀ ದೂರು.

ನಾನು ಆಸೆಯಿಂದ ಹಾಕಿಸಿದ ಕುರ್ಚಿಯಲ್ಲಿ ಅಪ್ಪ ಒಂದೇ ದಿನ ಕೂತದ್ದು. ಮೆತ್ತಗಿದೆಯಂತೆ, ನಿದ್ದೆ ಬರುತ್ತದಂತೆ. ಅಡುಗೆಮನೆಯಿಂದ ಸ್ಟೂಲು ಎಳೆದುಕೊಂಡು ಅದರ ಮೇಲೆಯೇ ಕೂರುತ್ತಾರೆ. ತರಗತಿಗೆ ಹೊಸಬರು ಬಂದರೆ ಕೈ ಕುಲುಕುವ ಮೊದಲು ಅವರ ಕೋಟಿನ ಹೊಲಿಗೆ ಸವರುತ್ತಾರೆ. "ನನ್ನ ದೊಡ್ಡ ಮಗಳು ಹೀಗೆ ಹೊಲಿಯಲ್ಲ" ಎನ್ನುತ್ತಾರೆ. ನಿನ್ನ ಪತ್ರ ನೋಡಿ ಅವರನ್ನು ಸೇರಿಸಿಕೊಂಡ ಪ್ರಿನ್ಸಿಪಾಲರಿಗೂ ಹಾಗೆಯೇ ಹೇಳಿದರು! ಕಬ್ಬಿಣದ ಗೋಪುರದ ಮಾತು ಬಂದರೆ, "ಅದನ್ನ ನನಗೆ ದೊಡ್ಡವಳು ಓದಿ ಹೇಳಿದ್ದು" ಎನ್ನುತ್ತಾರೆ. ಪಾಠ ಬರೆದವಳು ನಾನು, ಅಕ್ಕ.

ನೀನು ಸೆಪ್ಟೆಂಬರಿನಲ್ಲಿ ಬರೆದದ್ದನ್ನು ಬಹಳ ಸಲ ಓದಿದೆ. ಈಗ ನನ್ನದನ್ನೂ ಕೇಳು. ಹಾಸ್ಟೆಲ್ಲಿಗೆ ನನ್ನನ್ನು ಕಳಿಸಿದ ದಿನ ನೀವಿಬ್ಬರೂ ಗೇಟಿನಿಂದ ಒಟ್ಟಿಗೆ ತಿರುಗಿ ನಡೆದಿರಿ. ಅಪ್ಪ ನಿನ್ನ ಕೈಯಿಂದ ಚೀಲ ತೆಗೆದುಕೊಂಡರು. ಅದನ್ನು ನೋಡುತ್ತಾ ನಿಂತವಳಿಗೆ ಏನಾಯಿತೆಂದು ನೀವು ಯಾರೂ ಹಿಂತಿರುಗಿ ನೋಡಲಿಲ್ಲ. ಅಪ್ಪನನ್ನು ಇಲ್ಲಿಗೆ ಕರೆಸಿಕೊಂಡರೆ ಆ ದಿನ ಮರೆತುಹೋಗುತ್ತದೆ ಎಂದುಕೊಂಡಿದ್ದೆ. ಅವರು ಬಂದರು, ಆದರೆ ಬಂದ ದಿನದಿಂದ ನಿನ್ನ ಮಾತೇ. ನನಗೆ ಹೊಟ್ಟೆ ಉರಿಯುತ್ತಿದೆ.

ಕಳೆದ ವಾರ 'ಒಂದು ಪ್ರಸಿದ್ಧ ನಗರ'ದ ಬಗ್ಗೆ ಪಾಠ ಬರೆಯಲು ಹೇಳಿದ್ದೆವು. ಒಬ್ಬರು ಅಥೆನ್ಸ್ ಬರೆದರು, ಇನ್ನೊಬ್ಬರು ಕೈರೋ. ಅಪ್ಪ ದಪ್ಪ ಪೆನ್ನಿನಲ್ಲಿ, ಹಾಳೆಗೆ ಮೂರೇ ಸಾಲಿನಂತೆ, ಆರು ಹಾಳೆ ಬರೆದಿದ್ದಾರೆ. ನಾನು ಒಂದಕ್ಷರವನ್ನೂ ತಿದ್ದಿಲ್ಲ. ಲಕೋಟೆಯ ಮೇಲಿನ ಹೆಸರನ್ನೂ ಅವರೇ ಬರೆದರು. ಹತ್ತು ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸು. ಇನ್ನು ಮುಂದೆ ಪಾಠ ನಿನ್ನ ಹೆಸರಿಗೇ ಬರುತ್ತದೆ, ಬೇಡವೆಂದರೂ ಬರುತ್ತದೆ.

ನಿನ್ನ
ಗುಂಡಿ


ಫೆಬ್ರವರಿ ೧೯

ಗುಂಡಿ,

ಅಂಚೆಯವನು ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೇನಕ್ಕಾ, ಹೆಸರೇ ಅರ್ಧ ಲಕೋಟೆ ಆಗಿದೆ?" ಅಂದ. ನನ್ನ ಹೆಸರು, ಅಪ್ಪನ ಕೈಯಲ್ಲಿ, ಇಂಗ್ಲಿಷಿನಲ್ಲಿ. ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದು ಕೆಳಗೆ ಇಳಿದಿತ್ತು. "ನನ್ನಪ್ಪ ಬರೆದದ್ದು" ಎಂದು ಬಾಯಿ ತುಂಬ ಹೇಳಿದೆ. ಬೀಗ ರಿಪೇರಿಯವನಿಗೂ ಹೇಳಿದೆ. ಎದುರುಮನೆ ನರ್ಸಿಗೆ ತೋರಿಸಿ ಬಂದೆ.

ನಿನಗೆ ಹೊಟ್ಟೆ ಉರಿಯುತ್ತಿದೆ ಎಂದು ಓದಿ ನನಗೆ ಎಷ್ಟು ಹಿತವಾಯಿತೆಂದು ಬರೆದರೆ ನೀನು ಸಿಟ್ಟಾಗುತ್ತೀಯ, ಆದ್ದರಿಂದ ಬರೆಯುವುದಿಲ್ಲ. ಹಾಸ್ಟೆಲ್ ಗೇಟಿನ ಸಂಗತಿ ನನಗೆ ಗೊತ್ತಿರಲಿಲ್ಲ. ಅಪ್ಪ ಚೀಲ ತೆಗೆದುಕೊಂಡದ್ದು ನಾನು ಅಳುತ್ತಿದ್ದೆ ಎಂದು. ಕಣ್ಣೊರೆಸಿಕೊಳ್ಳಲು ಕೈ ಬೇಕಿತ್ತು. ನೀನು ಓದಲು ಹೋದೆ ಎಂದು ಅತ್ತೆನೋ, ನೀನು ಹೋದೆ ಎಂದು ಅತ್ತೆನೋ, ಈಗ ವಿಂಗಡಿಸಿ ಹೇಳಲಾರೆ. ನಿನ್ನ ಮೇಲಿನ ಹೊಟ್ಟೆಕಿಚ್ಚು ಹೋಗಿದೆ ಎಂದೇನೂ ತಿಳಿಯಬೇಡ. ದಿನವೂ ಸಂಜೆ ಅವರು ನಿನ್ನ ಮನೆಯಲ್ಲಿ ಚಹಾ ಕುಡಿಯುವ ಹೊತ್ತಿಗೆ ಸರಿಯಾಗಿ ಶುರುವಾಗುತ್ತದೆ.

ಅಪ್ಪನ ಪಾಠಕ್ಕೆ ಉತ್ತರ ಇಟ್ಟಿದ್ದೇನೆ. ನಾನೇ ಓದಿಕೊಂಡೆ, ನಾನೇ ಬರೆದೆ.

'ಈ ನಗರದಲ್ಲಿ ಒಂದೇ ಬೀದಿ ಇದೆ.' ಸರಿ. 'ಬೀದಿಯ ತುದಿಯಲ್ಲಿ ಒಬ್ಬ ಬೀಗಗಳ ರಾಜ ಇದ್ದಾನೆ.' ಸರಿ, ಅವನಿಗೆ ಓದಿ ಹೇಳಿದೆ, ಅಂಗಡಿಯ ಫಲಕದ ಮೇಲೆ ಬರೆಸುತ್ತಾನಂತೆ. 'ಈ ನಗರವನ್ನು ಒಬ್ಬ ದರ್ಜಿ ಕಟ್ಟಿದಳು.' ಇದನ್ನು ಬಿಟ್ಟು ಮುಂದಿನವನ್ನು ಮುಗಿಸಿ, ಆಮೇಲೆ ಬಂದು ಸರಿ ಎಂದು ಬರೆದೆ. 'ಆ ದರ್ಜಿ ಒಮ್ಮೆ ಸುಳ್ಳು ಬರೆದಳು.' ತಪ್ಪು, ಒಮ್ಮೆಯಲ್ಲ, ಮೂರು ಸಲ. 'ಅವಳೇ ನಿಜ ಹೇಳಿದಳು.' ಸರಿ. ಉಳಿದವನ್ನು ಹಾಳೆಯಲ್ಲಿ ನೋಡು.

ಹತ್ತನೆಯದು: 'ಈ ನಗರವನ್ನು ಬಿಟ್ಟು ಹೋದ ಮುದುಕ ಮತ್ತೆ ಮರಳುವುದಿಲ್ಲ.'

ಇದಕ್ಕೆ 'ತಪ್ಪು' ಎಂದು ಬರೆದಿದ್ದೇನೆ. ನನ್ನ ಹಳೇ ಚಾಳಿಯಿಂದ ತಿರುಗಿಸಿ ಬರೆದದ್ದಲ್ಲ. ಪೆನ್ನು ಹಿಡಿದ ಕೈ ಈ ಸಲ ನಡುಗಿತು, ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತದೆ. ಬಾಕಿ ಒಂಬತ್ತನ್ನು ನೀನು ತಿದ್ದು. ಅದೊಂದನ್ನು ಅಪ್ಪನನ್ನು ಕೇಳಿ ತಿದ್ದು.

ನಿನ್ನ ಅಕ್ಕ